ಮೊದಲ ಸಾಲು ದೇವರಿಗೆ

ಬಬಲೇಶ್ವರದಲ್ಲಿ ನಡೆದ ದ್ರಾಕ್ಷಿ ಬೆಳೆಗಾರರ ಸಭೆಗೆ ನಾನು ಒಮ್ಮೆ ಗಂಧಕವನ್ನು ಕರೆದಿದ್ದೆ. ‘ಶ್ರೀ ಗಂಧಕ ಅವರಿಗೆ, ಕುಟುಂಬ ಸಮೇತ ಬರಬೇಕಾಗಿ ವಿನಂತಿ’ ಎಂದು ಕಾರ್ಡು ಅಚ್ಚಾಗಿತ್ತು. ಅದರ ಹಿಂದೆಯೇ ಮೈಲುತುತ್ತಕ್ಕೂ ಒಂದು. ಕಾರ್ಡು ಹಂಚಲು ಹೋದವನು ಬಬಲೇಶ್ವರದಿಂದಲೇ ಫೋನ್ ಮಾಡಿ, “ಅಕ್ಕಾರ, ಈ ಗಂಧಕ ಅನ್ನಾವರ ಮನಿ ಯಾವ ಓಣ್ಯಾಗ ಬರತೈತ್ರಿ?” ಎಂದು ಕೇಳಿದಾಗ ನನಗೆ ನೆಲವೇ ಬಾಯಿ ಬಿಡಬಾರದೇ ಎನಿಸಿತು. ಇಡೀ ಆಫೀಸು ಒಂದು ವಾರ ನನ್ನನ್ನು ‘ಗಂಧಕದ ಬಾಯಾರು’, ಅಂದರೆ ಗಂಧಕದ ಮೇಡಂ, ಎಂದೇ ಕರೆಯಿತು.

ಡೇಟಾ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಜಲನಗರದ ನನ್ನ ಮನೆಗೆ ಬರುತ್ತಾರೆ. “ಮ್ಯಾಡಮ್, ಈ ಎಕ್ಸ್‌ಪಾತ್ ಒಂದು ತಲಿಗೆ ಹತ್ತವಲ್ದು ನೋಡ್ರಿ” ಎನ್ನುತ್ತಾರೆ. ಅವರಿಗೆ ಚಹಾ ಕೊಟ್ಟು ಮೊದಲು ಹೇಳುವುದು ಈ ಗಂಧಕದ ಕಥೆಯನ್ನೇ. ನಾನು ಯಾವಾಗ ಹೆಡ್ ಆದೆ, ಪಗಾರ ಎಷ್ಟು ಏರಿತು ಎಂಬುದರಿಂದ ಯಾರಿಗೂ ಏನೂ ಆಗಬೇಕಿಲ್ಲ. ನನ್ನ ತಪ್ಪುಗಳಿಂದ ಆಗುವುದಿದೆ. ಅವನ್ನೇ ಬರೆಯುತ್ತೇನೆ, ಓದಿ ನಕ್ಕರೂ ಚಿಂತೆಯಿಲ್ಲ.

ನಮ್ಮದು ದ್ರಾಕ್ಷಿಯನ್ನು ಹೊರದೇಶಕ್ಕೆ ಕಳಿಸುವ ಖಾಸಗಿ ಕಂಪನಿ. ಹೆಸರು ಬೇಡ. ಹಣ್ಣು ತುಂಬುವ ಪ್ಯಾಕ್‌ಹೌಸ್ ತಿಕೋಟಾದಲ್ಲಿ, ಕಂಪ್ಯೂಟರ್ ಕೋಣೆ ವಿಜಯಪುರದ ಪೇಟೆಯೊಳಗೆ ಒಂದು ಮೇಲಂತಸ್ತಿನಲ್ಲಿ. ಪ್ರತಿ ತೋಟಕ್ಕೂ ಒಂದು ಸಂಖ್ಯೆ. ಹಣ್ಣು ಕೊಯ್ಯುವ ಮೊದಲು ತೋಟದಿಂದ ಮಾದರಿ ತಂದು, ಔಷಧಿಯ ಅಂಶ ಉಳಿದಿದೆಯೇ ಎಂದು ಲ್ಯಾಬಿನಲ್ಲಿ ನೋಡಿಸಬೇಕು. ಪಾಸಾದ ತೋಟಗಳ ಪಟ್ಟಿಯನ್ನು ನಾವು ತಿಕೋಟಾಕ್ಕೆ ಕಳಿಸಬೇಕು. ಪಟ್ಟಿಯಲ್ಲಿ ಇಲ್ಲದ ತೋಟದ ಒಂದು ಗೊನೆಯೂ ಪ್ಯಾಕ್‌ಹೌಸ್‌ನ ಬಾಗಿಲು ದಾಟುವಂತಿಲ್ಲ. ಪಟ್ಟಿಯಲ್ಲಿರುವ ತೋಟದ ಸಂಖ್ಯೆ ಮಾತ್ರ ಡಬ್ಬಿಯ ಮೇಲೆ ಅಚ್ಚಾಗಿ ಹಡಗು ಹತ್ತುತ್ತದೆ.

ಈ ಮಾಹಿತಿಯೆಲ್ಲ ಇರುತ್ತಿದ್ದದ್ದು ಎಕ್ಸ್‌ಎಂಎಲ್ ಕಡತದಲ್ಲಿ. ಹೆದರುವಂಥದ್ದೇನಲ್ಲ, ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ. ಹೊರಗಿನ ದೊಡ್ಡ ಡಬ್ಬಿ ‘ತೋಟಗಳು’. ಅದರೊಳಗೆ ಒಂದೊಂದು ‘ತೋಟ’. ತೋಟದೊಳಗೆ ‘ಮಾಲೀಕ’, ‘ಔಷಧಿ’, ‘ಮಾದರಿ’. ಮಾದರಿಯೊಳಗೆ ‘ಫಲಿತಾಂಶ’. ಕಡತದಲ್ಲಿ ಇವೆಲ್ಲ ಇಂಗ್ಲಿಷಿನಲ್ಲಿದ್ದವು, ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಈ ಡಬ್ಬಿಗಳಿಗೆ ನೋಡ್ ಎನ್ನುತ್ತಾರೆ. ಬೇಕಾದ ನೋಡಿನ ತನಕ ಹೋಗುವ ದಾರಿಯನ್ನು ಬರೆದು ತೋರಿಸುವುದೇ ಎಕ್ಸ್‌ಪಾತ್. ಒಂದು ಓರೆಗೀಟು ಎಂದರೆ ಒಂದು ಮೆಟ್ಟಿಲು ಒಳಗೆ ಇಳಿ ಎಂದರ್ಥ:

/ತೋಟಗಳು/ತೋಟ/ಮಾಲೀಕ/ಹೆಸರು

ಊರ ಹೊರಗಿನ ಇಟ್ಟಂಗಿಹಾಳಕ್ಕೆ ಹೋಗಿ, ಇಂಥ ಓಣಿ ಹಿಡಿದು, ಇಂಥ ಮನೆಯ ಇಂಥವರನ್ನು ಕೇಳು ಎಂದು ಯಾರಿಗಾದರೂ ಹೇಳಿ ಕಳಿಸುತ್ತೇವಲ್ಲ, ಹಾಗೆ. ನಾನು ಅಷ್ಟು ಬರೆಯಲು ಬೇಸರಪಟ್ಟು ಎರಡು ಓರೆಗೀಟು ಎಳೆದು ‘//ಹೆಸರು’ ಎಂದಷ್ಟೇ ಬರೆದಿದ್ದೆ. ಎರಡು ಗೀಟಿಗೆ ‘ಎಷ್ಟೇ ಆಳದಲ್ಲಿರಲಿ, ಎಲ್ಲೇ ಇರಲಿ, ಸಿಕ್ಕಿದ್ದನ್ನೆಲ್ಲ ತಾ’ ಎಂದರ್ಥ. ಮಾಲೀಕನಿಗೂ ಹೆಸರಿತ್ತು, ಹೊಡೆದ ಔಷಧಿಗೂ ಹೆಸರಿತ್ತು. ಕಂಪ್ಯೂಟರು ಪಾಪ, ಹೇಳಿದ್ದನ್ನು ಮಾಡಿತು. ಗಂಧಕ ಸಭೆಗೆ ಹೊರಟಿತು!

ಆಗ ನಮ್ಮ ಮೇಲಿನವರು ಕುಲಕರ್ಣಿ ಸಾಹೇಬರು. ಕೆಂಪು ಬಟ್ಟೆಯ ರಟ್ಟಿನ ರಜಿಸ್ಟರುಗಳ ಕಾಲದಿಂದ ಬಂದವರು. ಸುಗ್ಗಿಗೊಮ್ಮೆ ಒಂದೊಂದು ತೋಟಕ್ಕೆ ಒಂದೊಂದು ಪುಟ, ಪುಟದ ಮೊದಲ ಸಾಲಿನಲ್ಲಿ ‘ಶ್ರೀ’, ಎರಡನೆಯದರಲ್ಲಿ ಆ ತೋಟದ ಒಂದು ಮಾದರಿ. ಶ್ರೀ ಬರೆಯದೆ ಅವರ ಪೆನ್ನು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬಸ್ ಟಿಕೇಟಿನ ಬೆನ್ನಿಗೆ ಫೋನ್ ನಂಬರು ಬರೆದುಕೊಳ್ಳಬೇಕಾದರೂ ಮೇಲೊಂದು ಶ್ರೀ ಬೇಕು. ರಜಿಸ್ಟರನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಬಂದಾಗ ಅವರು ನನಗೂ ನನ್ನ ಜೊತೆಯ ರೆಹಾನಾಗೂ ಒಂದೇ ಮಾತು ಹೇಳಿದರು: “ಹಾಳಿ ಹೆಂಗದ, ಹಂಗ ಇಳೀಬೇಕು. ಒಂದು ಚುಕ್ಕಿ ಬಿಡಬ್ಯಾಡ್ರಿ, ಒಂದು ಚುಕ್ಕಿ ಹಚ್ಚಬ್ಯಾಡ್ರಿ.”

ನಾವು ಹಾಗೆಯೇ ಇಳಿಸಿದೆವು. ಪುಟದ ಒಂದೊಂದು ಸಾಲೂ ಒಂದೊಂದು ‘ಮಾದರಿ’ ಡಬ್ಬಿಯಾಗುತ್ತಿತ್ತು. ಹೀಗಾಗಿ ಪ್ರತಿ ತೋಟದ ಮೊದಲ ಮಾದರಿ ಸಾಕ್ಷಾತ್ ಶ್ರೀ. ಅದರ ಫಲಿತಾಂಶದ ಡಬ್ಬಿ ಖಾಲಿ. ರೆಹಾನಾ ಬರೆಯುತ್ತಿದ್ದ ಹೊಸ ಪುಟಗಳ ನೆತ್ತಿಯ ಮೇಲೆ ಬಿಸ್ಮಿಲ್ಲಾದ ಗುರುತಾದ ೭೮೬ ಇರುತ್ತಿತ್ತು, ಅದೂ ಹಾಗೆಯೇ ಒಂದು ಮಾದರಿಯಾಗಿ ಒಳಗೆ ಬಂತು. ಮೊದಲ ಸಲ ಪಟ್ಟಿ ತೆಗೆದಾಗ ಪರದೆಯ ತುಂಬ ಶ್ರೀ, ಶ್ರೀ, ೭೮೬, ಶ್ರೀ! ರೆಹಾನಾ ಬಿದ್ದು ಬಿದ್ದು ನಕ್ಕಳು. “ಅಕ್ಕಾ, ನಮ್ಮ ಜಿಲ್ಲಾದ ದ್ರಾಕ್ಷಿ ಎಲ್ಲಾ ದೇವರ ಪಾಲಾತು ನೋಡ್ರಿ.”

ಈಗ ಕೇಳಿ ನನ್ನ ಜಾಣತನ. ಇಬ್ಬರ ಪುಟದಲ್ಲೂ ಮೊದಲ ಸಾಲು ದೇವರದು ತಾನೆ? ಹಾಗಾದರೆ ಎರಡನೆಯದನ್ನು ಕೇಳಿದರಾಯಿತು! ನಾನು ಬರೆದೆ:

/ತೋಟಗಳು/ತೋಟ/ಮಾದರಿ[2]

ಚೌಕ ಕಂಸದಲ್ಲಿ ಎರಡು ಎಂದು ಬರೆದರೆ ಇಡೀ ಕಡತದ ಎರಡನೆಯ ಮಾದರಿ ಒಂದೇ ಬರುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಅದು ಪ್ರತಿ ತೋಟದೊಳಗೂ ಇಳಿದು, ಅಲ್ಲಲ್ಲಿಯ ಎರಡನೆಯದನ್ನು ಎತ್ತಿಕೊಂಡು ಬರುತ್ತದೆ. ನನಗೆ ಬೇಕಾದದ್ದೂ ಅದೇ. ಹಾಗೆ ಬಂದವುಗಳಲ್ಲಿ ಫಲಿತಾಂಶ ಪಾಸ್ ಇದ್ದವನ್ನು ಆರಿಸಿದರೆ ಪಟ್ಟಿ ತಯಾರು. ಕುಲಕರ್ಣಿ ಸಾಹೇಬರು ಕನ್ನಡಕ ಏರಿಸಿ ನೋಡಿ, “ಭಲೇ ಬಾಯಾರ! ಮೊದಲನೇದು ದೇವರಿಗೆ, ಎರಡನೇದು ಮಂದಿಗೆ. ಇದು ಧರ್ಮಕ್ಕೂ ಸರಿ ಅದ, ಕಂಪ್ಯೂಟರಿಗೂ ಸರಿ ಅದ” ಎಂದರು. ನನಗೆ ಕೋಡು ಮೂಡಿದವು. ಮುಂದೆ ಎಷ್ಟೋ ಸುಗ್ಗಿ ಆ ಎರಡರ ಮೇಲೆಯೇ ಪಟ್ಟಿ ಹೊರಟಿತು. ಒಂದು ದಿನವೂ ತಪ್ಪಲಿಲ್ಲ. ಅದು ತಪ್ಪು ಎಂದು ಗೊತ್ತಾಗಲು ಕನಮಡಿಯಿಂದ ನೀಲವ್ವ ಬರಬೇಕಾಯಿತು.

ಅಷ್ಟೊತ್ತಿಗೆ ಕುಲಕರ್ಣಿ ಸಾಹೇಬರು ನಿವೃತ್ತರಾಗಿದ್ದರು. ವಿನಾಯಕ ಎಂಬ ಹೊಸ ಮ್ಯಾನೇಜರು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವರು, ಮಾತು ಕಡಿಮೆ, ನಿಯಮ ಎಂದರೆ ನಿಯಮ. ರಜಿಸ್ಟರಿನ ಬದಲು ಮಾದರಿ ತರುವವರ ಕೈಗೆ ಟ್ಯಾಬ್ ಕೊಟ್ಟರು. ತೋಟದಲ್ಲಿ ನಿಂತು ಒತ್ತಿದರೆ ಸೀದಾ ನಮ್ಮ ಕಡತಕ್ಕೆ ಬಂದು ಸೇರುತ್ತಿತ್ತು. ಪ್ರಯೋಗಕ್ಕೆಂದು ಮೊದಲು ಕನಮಡಿ ಕಡೆಯ ಕೆಲವು ತೋಟಗಳನ್ನು ಮಾತ್ರ ಹಿಡಿದಿದ್ದರು, ಉಳಿದವು ಇನ್ನೂ ರಜಿಸ್ಟರಿನಲ್ಲೇ ಇದ್ದವು. ಟ್ಯಾಬ್ ಬಂದ ಮೇಲೆ ದೊಡ್ಡ ತೋಟವಾದರೆ ಆ ತುದಿಯಿಂದೊಂದು, ಈ ತುದಿಯಿಂದೊಂದು, ಎರಡು ಮಾದರಿ. ಸಣ್ಣ ತೋಟವಾದರೆ ಒಂದೇ.

ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆವು. ಮೆಟ್ಟಿಲು ಹತ್ತಿ ಒಬ್ಬ ಹೆಣ್ಣುಮಗಳು ಬಂದಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಹಾಕಿಸಿದ ಲ್ಯಾಬ್ ರಿಪೋರ್ಟು. ಬಂದವಳೇ ಅದನ್ನು ನನ್ನ ರೊಟ್ಟಿಯ ಪಕ್ಕದಲ್ಲಿ ಇಟ್ಟಳು.

“ಇದರಾಗ ನನ್ನ ತ್ವಾಟ ಪಾಸ್ ಅಂತ ಐತ್ರಿ. ತಿಕೋಟಾದಾಗ ಕೇಳಿದ್ರ, ಕಂಪ್ಯೂಟರ್‌ನ್ಯಾಗ ನಿನ್ನ ಹೆಸರ ಇಲ್ಲವಾ ಅಂತಾರ. ಇಬ್ಬರಾಗ ಯಾರ ಸುಳ್ಳ ಹೇಳಾಕತ್ತಾರ, ಹೇಳ್ರಿ.”

ಆಕೆಯೇ ನೀಲವ್ವ. ಗಂಡ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಯ ಹತ್ತಿರದ ಸಣ್ಣ ತುಂಡಿನಲ್ಲಿ ಬಳ್ಳಿ ಹಚ್ಚಿ, ಬಳ್ಳಿ ಸವರುವ ಚಾಟಣಿಯಿಂದ ಹಿಡಿದು ಔಷಧಿಯ ವಹಿಯ ತನಕ ಎಲ್ಲವನ್ನೂ ತಾನೇ ನೋಡಿಕೊಂಡವಳು. ಅವಳ ಮೈದುನ ಊರ ಕಟ್ಟೆಯ ಮೇಲೆ ಕೂತು, “ನಮ್ಮ ವೈನಿ ದ್ರಾಕ್ಷಿ ಲಂಡನ್ನಿಗೆ ಕಳಸ್ತಾಳಂತ. ಸುಮ್ಮ ಮನೂಕ ಮಾಡಿ ಒಣಗಿಸಂದ್ರ ಕೇಳವಲ್ಲಳು” ಎಂದು ನಗಾಡುತ್ತಿದ್ದನಂತೆ. ಮನೂಕ ಎಂದರೆ ಒಣದ್ರಾಕ್ಷಿ, ನಮ್ಮ ಕಡೆ ಅದೇನು ಕೀಳಲ್ಲ. ಆದರೆ ನೀಲವ್ವನಿಗೆ ಬೇಕಾದದ್ದು ಬೇರೆ. ತನ್ನ ತೋಟದ ಸಂಖ್ಯೆಯನ್ನು ಆ ಡಬ್ಬಿಯ ಮೇಲೆ ಒಮ್ಮೆ ಕಣ್ಣಾರೆ ನೋಡಬೇಕಿತ್ತು.

“ಕೊಯ್ಯೂ ಆಳು ನಾಳೆ ಮುಂಜಾನಿಗೆ ಬರ್ತಾವ್ರಿ. ಹಣ್ಣು ಇನ್ನು ತಡೆಯೂದಿಲ್ಲ” ಎಂದಳು. ಆ ಸುಗ್ಗಿಯ ಕೊನೆಯ ಪಟ್ಟಿ ತಿಕೋಟಾಕ್ಕೆ ಹೋಗಬೇಕಾದದ್ದು ಅದೇ ದಿನ ಸಂಜೆ ನಾಲ್ಕಕ್ಕೆ. ಗೋಡೆಯ ಗಡಿಯಾರದಲ್ಲಿ ಎರಡು ದಾಟಿತ್ತು.

ನಾನು ವಿನಾಯಕರ ಕೋಣೆಗೆ ಓಡಿದೆ. ಅವರು ರಿಪೋರ್ಟು ನೋಡಿದರು. “ಅಸಲಿ ಐತ್ರಿ ಮ್ಯಾಡಮ್, ಅದು ಖರೆ. ಆದರ ಪಟ್ಟ್ಯಾಗ ಕೈಯಿಂದ ಹೆಸರು ಹಚ್ಚೂ ಹಂಗಿಲ್ಲ. ಇವತ್ತು ಇವರದು ಹಚ್ಚಿದ್ರ ನಾಳೆ ಇನ್ನೊಬ್ಬರದು. ಕ್ವೆರಿ ಏನ್ ಕೊಡತೈತೋ ಅದೇ ಪಟ್ಟಿ.” ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕೈ ತೊಳೆದು ಕೂತೆ. ಮಕ್ಕಳೇ, ಈ ಒಂದು ಮಾತನ್ನು ಬರೆದಿಟ್ಟುಕೊಳ್ಳಿ. ದಾರಿ ತಪ್ಪಿದರೆ ಎಕ್ಸ್‌ಪಾತ್ ಬೈಯುವುದಿಲ್ಲ, ಕೆಂಪು ಅಕ್ಷರ ತೋರಿಸುವುದಿಲ್ಲ. ಆ ದಾರಿಯಲ್ಲಿ ಏನೂ ಇಲ್ಲದಿದ್ದರೆ ಖಾಲಿ ಕೈಯಲ್ಲಿ ಬಂದು ಸುಮ್ಮನೆ ನಿಲ್ಲುತ್ತದೆ. ಅದರ ಪಾಲಿಗೆ ಖಾಲಿ ಎಂಬುದೂ ಒಂದು ಉತ್ತರ. ಅದಕ್ಕಾಗಿ ದಾರಿಯ ಮೊದಲಿನಿಂದ ಒಂದೊಂದೇ ಮೆಟ್ಟಿಲು ನಡೆದು ನೋಡಬೇಕು. ನಾನು ಹಾಗೆಯೇ ಮಾಡಿದೆ. ‘/ತೋಟಗಳು/ತೋಟ’ ಎಂದೆ. ಎಲ್ಲ ತೋಟಗಳೂ ಬಂದವು. ನೀಲವ್ವನ ತೋಟದ ಸಂಖ್ಯೆಯನ್ನು ಕಂಸದಲ್ಲಿ ಹಾಕಿದೆ. ಒಂದೇ ತೋಟ ಬಂತು, ಅವಳದೇ! “ಇಲ್ಲೇ ಅದೀಯಲ್ಲವಾ!” ಎಂದು ನಾನು ಕೂಗಿದ್ದಕ್ಕೆ ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದು ಮೆಟ್ಟಿಲು ಇಳಿದು ‘ಮಾದರಿ’ ಎಂದೆ. ಒಂದು ಮಾದರಿ ಬಂತು, ಅದರೊಳಗೆ ಪಾಸ್. ಕೊನೆಗೆ ‘ಮಾದರಿ[2]’ ಎಂದೆ. ಪರದೆ ಬೋಳು.

ನೀಲವ್ವ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಅಕ್ಕಾರ, ನೀವು ಎರಡನೇದು ಯಾಕ ಕೇಳ್ತೀರಿ? ನಂದು ಇರೂದ ಒಂದು.”

ಆಗ ಹೊಳೆಯಿತು. ಟ್ಯಾಬಿನಲ್ಲಿ ಶ್ರೀ ಇಲ್ಲ! ೭೮೬ ಇಲ್ಲ! ತೋಟದಲ್ಲಿ ನಿಂತು ಬೆರಳಲ್ಲಿ ಒತ್ತುವವನು ದೇವರ ಸಾಲು ಎಲ್ಲಿಂದ ಬರೆಯಬೇಕು? ಮೊದಲ ಸಾಲಿನಲ್ಲೇ ಮಾದರಿ ಬಂದು ಕೂತಿತ್ತು. ನಾನು ಅದನ್ನು ದೇವರೆಂದು ತಿಳಿದು ದಾಟಿ ಹೋಗುತ್ತಿದ್ದೆ. ದೊಡ್ಡ ತೋಟದವರಿಗೆ ಎರಡು ಮಾದರಿ ಇದ್ದದ್ದರಿಂದ ಅವರ ಎರಡನೆಯದು ಸಿಕ್ಕು ಅವರು ಪಟ್ಟಿಗೆ ಬಂದಿದ್ದರು. ಅವರ ಮೊದಲ ಮಾದರಿಯನ್ನು ಯಾರೂ ನೋಡಿಯೇ ಇರಲಿಲ್ಲ. ಅವುಗಳಲ್ಲಿ ಒಂದು ಫೇಲಾಗಿದ್ದರೂ ನನ್ನ ಪಟ್ಟಿ ಪಾಸ್ ಎನ್ನುತ್ತಿತ್ತು.

ನೀಲವ್ವನಿಗೆ ಶ್ರೀಯ ಕಥೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕುಬಿಟ್ಟಳು. “ಯಪ್ಪಾ! ದ್ಯಾವರಿಗೆ ಕೊಡೂದು ನಾ ತ್ವಾಟದಾಗ ಕೊಟ್ಟೀನ್ರಿ. ಕಂಪ್ಯೂಟರ್‌ನ್ಯಾಗೂ ಮತ್ತ ಬ್ಯಾರೆ ಕೊಡಬೇಕೇನು?”

ರೆಹಾನಾ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. “ಅಕ್ಕಾ, ಟೈಮ್ ಇಲ್ಲ. ಇವರ ತ್ವಾಟಕ್ಕೂ ಮ್ಯಾಲ ಒಂದು ಶ್ರೀ ಹಾಕಿ ಬಿಡೂಣು. ಎರಡನೇದು ತಾನ ಆಗತೈತಿ.” ಒಂದು ನಿಮಿಷದ ಕೆಲಸ. ನನ್ನ ಬೆರಳು ಕೀಲಿಗಳ ಮೇಲೆ ಹೋಗಿಯೂ ಬಿಟ್ಟಿತ್ತು. ಆದರೆ ಲ್ಯಾಬಿನ ಮಾಹಿತಿಯಲ್ಲಿ ಇಲ್ಲದ ಸಾಲನ್ನು ನಾನು ಸೇರಿಸಿದರೆ ಅದು ಸುಳ್ಳೇ ಆಗುತ್ತದೆ, ಬರೆದದ್ದು ದೇವರ ಹೆಸರಾದರೂ. ತಪ್ಪು ಇದ್ದದ್ದು ನೀಲವ್ವನ ತೋಟದಲ್ಲಲ್ಲ, ನನ್ನ ಪ್ರಶ್ನೆಯಲ್ಲಿ. “ಬ್ಯಾಡವಾ ರೆಹಾನಾ, ಪ್ರಶ್ನಿನೇ ತಿದ್ದೂಣು” ಎಂದೆ.

ಆಗ ಗಡಿಯಾರ ಮೂರು ದಾಟಿತ್ತು. ಎಷ್ಟನೆಯ ಸಾಲಿನಲ್ಲಿ ನಿಂತಿದೆ ಎಂದು ಕೇಳುವುದನ್ನೇ ಬಿಡಬೇಕು, ಒಳಗೆ ಏನಿದೆ ಎಂದು ಕೇಳಬೇಕು. ಮೊದಲು ಕಂಸದಲ್ಲಿ ‘ಮಾದರಿ[ಫಲಿತಾಂಶ]’ ಎಂದು ಬರೆದೆ. ಫಲಿತಾಂಶ ಉಳ್ಳ ಮಾದರಿಗಳನ್ನು ಮಾತ್ರ ತಾ ಎಂದು. ಒತ್ತಿದರೆ ಶ್ರೀಗಳೆಲ್ಲ ಮೆರವಣಿಗೆ ಹೊರಟು ಬಂದವು! ಫಲಿತಾಂಶದ ಡಬ್ಬಿ ಖಾಲಿ ಇದ್ದರೂ ಡಬ್ಬಿ ಇತ್ತಲ್ಲ, ಅದಕ್ಕೆ ಅಷ್ಟೇ ಸಾಕಾಯಿತು. ನೀಲವ್ವ ಎರಡೂ ಕೈ ಮುಗಿದು, “ಬಂದ್ರಲ್ರಿ ಮತ್ತ” ಎಂದಳು. ಆ ಗಡಿಬಿಡಿಯಲ್ಲೂ ನಮಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಹೀಗೆ ಬರೆದೆ:

/ತೋಟಗಳು/ತೋಟ[ಮಾದರಿ/ಫಲಿತಾಂಶ='ಪಾಸ್']

ಈ ಸಲ ಕಂಸ ತೋಟಕ್ಕೇ ಅಂಟಿಕೊಂಡಿದೆ, ನೋಡಿ. ಪಾಸಾದ ಮಾದರಿ ಯಾವ ತೋಟದೊಳಗಿದೆಯೋ ಆ ತೋಟವನ್ನು ತಾ ಎಂದರ್ಥ. ನೀಲವ್ವ ಪಟ್ಟಿಗೆ ಬಂದಳು! ನಾನು ಎದ್ದೇ ನಿಂತಿದ್ದೆ. ಆದರೆ ಹಿಂದೆ ನಿಂತಿದ್ದ ವಿನಾಯಕರು ಮೆಲ್ಲಗೆ ಕೇಳಿದರು: “ಮ್ಯಾಡಮ್, ಎರಡು ಮಾದರ್‍ಯಾಗ ಒಂದು ಪಾಸ್, ಒಂದು ಫೇಲ್ ಇದ್ದ್ರ?”

ಮತ್ತೆ ಕೂತೆ. ಅವರು ಹೇಳಿದ್ದು ನೂರಕ್ಕೆ ನೂರು ಖರೆ. ಈ ಸಮದ ಗುರುತಿನ ಸ್ವಭಾವವೇ ಹಾಗೆ, ಗುಂಪಿನಲ್ಲಿ ಒಂದಾದರೂ ಸರಿಹೊಂದಿದರೆ ಸಾಕು, ಹೌದು ಎಂದುಬಿಡುತ್ತದೆ. ಹಾಗಾಗಿ ಇನ್ನೊಂದು ಷರತ್ತು ಕೂಡಿಸಿದೆ: ಪಾಸಾದದ್ದು ಒಂದಾದರೂ ಇರಬೇಕು, ಫೇಲಾದದ್ದು ಒಂದೂ ಇರಬಾರದು. ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ರೆಹಾನಾ ಒಂದನ್ನು ಓದಿದಳು, ನಾನು ಇನ್ನೊಂದಕ್ಕೆ ಗೀಟು ಹಾಕುತ್ತ ಹೋದೆ. ಒಂದೂ ಕಡಿಮೆಯಾಗಿರಲಿಲ್ಲ. ದೊಡ್ಡ ತೋಟಗಳ ಮೊದಲ ಮಾದರಿಗಳೂ ಪುಣ್ಯಕ್ಕೆ ಪಾಸಾಗಿದ್ದವು. ಹೆಚ್ಚಾಗಿ ಬಂದದ್ದು ಒಂದೇ ಒಂದು ಸಾಲು, ಕನಮಡಿಯದು. ಪ್ರಯೋಗಕ್ಕೆ ಹಿಡಿದವುಗಳಲ್ಲಿ ಸಣ್ಣ ತೋಟ ಅದೊಂದೇ ಇತ್ತು. ವಿನಾಯಕರು ಎರಡು ಸಲ ನೋಡಿ, “ಕಳಸ್ರಿ” ಎಂದರು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಕಳಿಸು ಎಂಬ ಗುಂಡಿಯನ್ನು ನೀಲವ್ವನ ಕೈಯಿಂದಲೇ ಒತ್ತಿಸಿದೆ. ಬೆರಳಿನಲ್ಲಿ ಚಾಟಣಿಯ ಕತ್ತರಿಯ ಗುರುತಿತ್ತು. ಅವಳು ಒತ್ತಿ, “ಹೋತೇನ್ರಿ?” ಎಂದಳು. ಹೋಯಿತು ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು. ಅಂಥ ರುಚಿಯ ಊಟವನ್ನು ಆ ಕೋಣೆಯಲ್ಲಿ ನಾನು ಮತ್ತೆಂದೂ ಉಂಡಿಲ್ಲ.

ಅದೇ ಸಂಜೆ ಕುಲಕರ್ಣಿ ಸಾಹೇಬರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: “ಅಂದ್ರ ಬಾಯಾರ, ಹಳೀ ಪುಟದಾಗಿನ ಶ್ರೀ ತಗದು ಹಾಕಿದ್ರೇನು?”

“ಇಲ್ರಿ ಸಾಹೇಬ್ರ, ಅಲ್ಲೇ ಐತಿ. ಆದರ ಇನ್ನ ಪಟ್ಟಿಗೆ ಅದನ್ನ ಎಣಿಸೂದಿಲ್ಲ.”

ಅವರು “ಹಂಗಾದ್ರ ಅಡ್ಡಿಯಿಲ್ಲ. ದೇವರೇನು ಪಾಳಿ ಹಚ್ಚಿ ನಿಲ್ಲೂದು ಬ್ಯಾಡ” ಎಂದು ಚಹಾ ತರಿಸಿದರು. ‘ಭಲೇ’ ಎಂದು ಅವರೇ ಹೊಗಳಿದ್ದ ಆ ಎರಡರ ಬಗ್ಗೆ ಅವರೂ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಎರಡು ದಿನ ಬಿಟ್ಟು ತಿಕೋಟಾದಿಂದ ಫೋನ್ ಬಂತು. ಕನಮಡಿಯ ಒಬ್ಬ ಹೆಣ್ಣುಮಗಳು ತನ್ನ ಮೈದುನನನ್ನು ಕರೆದುಕೊಂಡು ಬಂದು, ಮೊಹರು ಮಾಡಿದ ಡಬ್ಬಿಯ ಮೇಲಿನ ಸಂಖ್ಯೆಯ ಒಂದೊಂದು ಅಂಕಿಯನ್ನೂ ಅವನಿಂದ ಓದಿಸುತ್ತಿದ್ದಾಳೆ, ಲಾರಿ ತಡವಾಗುತ್ತಿದೆ ಎಂದರು. “ಓದಲಿ ಬಿಡ್ರಿ, ಪೂರಾ ಓದಲಿ” ಎಂದೆ.

ಮುಂದಿನ ಸುಗ್ಗಿಯ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಆಫೀಸಿನ ಕಡೆ ಹೋಗಬಾರದೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು, ಬೆಳಿಗ್ಗೆ ಎಂಟಕ್ಕೇ ಚಪ್ಪಲಿ ಹಾಕಿಕೊಂಡು ಸುಮ್ಮನೆ ಅಂಗಳದಲ್ಲಿ ನಿಂತಿರುತ್ತಿದ್ದೆ. ನನ್ನನ್ನು ಇನ್ನು ಯಾರು ಕೇಳುತ್ತಾರೆ ಎಂಬ ಸಂಕಟ ಇತ್ತು, ಸುಳ್ಳು ಯಾಕೆ ಹೇಳಲಿ. ಅಂಥದೊಂದು ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಿತು. ಬುಟ್ಟಿ ಹಿಡಿದು ಇಳಿದವಳು ನೀಲವ್ವ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು. ಒಂದೇ ಒಂದು ಗೊನೆ, ಮೈಮೇಲಿನ ಬಿಳಿ ಹುಡಿ ಇನ್ನೂ ಅಳಿಯದ ಹಸಿರು ಹಣ್ಣುಗಳು, ಕಡ್ಡಿ ಕೂಡ ಬಾಡಿರಲಿಲ್ಲ.

“ಹೊತ್ತು ಮೂಡೂಕಿಂತ ಮೊದಲ ಕೊಯ್ದೀನ್ರಿ ಅಕ್ಕಾರ” ಎಂದಳು. “ಮೊದಲನೇ ಗೊನಿ ದ್ಯಾವರ ಮುಂದ ಇಟ್ಟು ಬಂದೀನಿ. ಇದು ಎರಡನೇದು. ನಿಮಗ.”

ನಾನು ಎರಡೂ ಕೈ ಚಾಚಿದೆ.